ಡೇಗೆಗೆ ಸಿಕ್ಕ ಮನೆ

ಲಂಡನ್ನಿನ ಪಾರಂಪರಿಕ ಕಟ್ಟಡವೊಂದರಲ್ಲಿ ಫ್ಲ್ಯಾಟ್ ಕೊಳ್ಳಿರೆಂದು ಯಾವುದೋ ದಲ್ಲಾಳಿ ಸಂಸ್ಥೆಯ ಜಾಹೀರಾತು ಮತ್ತೆ ನನ್ನ ಫೋನಿನಲ್ಲಿ ಪ್ರತ್ಯಕ್ಷವಾಗಿದೆ. ಬಾಡಿಗೆ ಕಟ್ಟುವಷ್ಟರಲ್ಲಿ ಸಂಬಳ ಮುಗಿದುಹೋಗುವ ನನ್ನನ್ನು ಮನೆ ಕೊಳ್ಳುವ ಕುಳವೆಂದು ಭಾವಿಸಿದ ಆ ಯಂತ್ರದ ಔದಾರ್ಯಕ್ಕೆ ಮನಸ್ಸಿನಲ್ಲೇ ವಂದಿಸಿದೆ. ಚಿತ್ರದಲ್ಲಿದ್ದ ನಾಲ್ಕು ಬಿಳಿ ಚಿಮಣಿಗಳನ್ನು ಕಂಡೊಡನೆ ಕಟ್ಟಡ ಯಾವುದೆಂದು ತಿಳಿಯಿತು, ನಿಮಗೂ ತಿಳಿದಿರುತ್ತದೆ. ಊರಿನಿಂದ ಬಂದ ಅತ್ತೆ-ಮಾವಂದಿರನ್ನು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಬಸವಣ್ಣನವರ ಪ್ರತಿಮೆಯ ಮುಂದೆ ನಿಲ್ಲಿಸಿ ಫೋಟೊ ತೆಗೆದ ಮೇಲೆ, ಥೇಮ್ಸ್ ನದಿಗುಂಟ ಇನ್ನಷ್ಟು ಮೇಲಕ್ಕೆ ಕರೆದೊಯ್ದು, ಮಗುಚಿಟ್ಟ ಮಂಚದಂತೆ ನಾಲ್ಕು ಕಾಲನ್ನೂ ಆಕಾಶಕ್ಕೆ ಚಾಚಿಕೊಂಡಿರುವ ಬ್ಯಾಟರ್‌ಸೀ ಪವರ್ ಸ್ಟೇಷನ್ನನ್ನು ತೋರಿಸದ ಲಂಡನ್ ಕನ್ನಡಿಗರು ವಿರಳ.

ಈ ಕಟ್ಟಡವನ್ನು ಉಳಿಸಿದವರೆಲ್ಲರ ಬಗ್ಗೆ ನನಗೆ ಅಪಾರ ಗೌರವವಿದೆ. 1983ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ನಿಂತ ದಿನದಿಂದ 2022ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯುವವರೆಗೆ ಬಂದವರೆಲ್ಲ ಅದನ್ನು ಉಳಿಸುವುದಕ್ಕೆಂದೇ ಬಂದರು. ಮೊದಲು ಉಳಿಸಿದವರು ಆಲ್ಟನ್ ಟವರ್ಸ್ ಮನರಂಜನಾ ಉದ್ಯಾನದ ಮಾಲೀಕರಾಗಿದ್ದ ಜಾನ್ ಬ್ರೂಮ್. ಅವರು 1987ರಲ್ಲಿ ಹದಿನೈದು ಲಕ್ಷ ಪೌಂಡಿಗೆ ಅದನ್ನು ಕೊಂಡರು. ಮರುವರ್ಷ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರೇ ಬಂದು ಕಾಮಗಾರಿಗೆ ಚಾಲನೆ ಕೊಟ್ಟರು. ಉದ್ಘಾಟನೆಯನ್ನು 1990ರ ಮೇ 21ರ ಮಧ್ಯಾಹ್ನ ಎರಡೂವರೆ ಗಂಟೆಗೆ ಎಂದು ಮುಹೂರ್ತಸಮೇತ ಘೋಷಿಸಲಾಯಿತು. ಒಳಗಿನ ಯಂತ್ರಗಳನ್ನು ಹೊರತೆಗೆಯಲು ಚಾವಣಿಯನ್ನು ಬಿಚ್ಚಿದರು, ಪಶ್ಚಿಮದ ಗೋಡೆಯನ್ನು ಕೆಡವಿದರು, ಅಷ್ಟರಲ್ಲಿ ಹಣ ಮುಗಿದು 1989ರ ಮಾರ್ಚಿನಲ್ಲಿ ಕೆಲಸ ನಿಂತಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಮೀರಿ ಆ ಕಟ್ಟಡದ ಸಂರಕ್ಷಣೆಯ ಹೊಣೆಯನ್ನು ಲಂಡನ್ನಿನ ಮಳೆಯೇ ಹೊತ್ತುಕೊಂಡಿತು.

ಚಾವಣಿಯಿಲ್ಲದೆ ನೆನೆಯುತ್ತ ನಿಂತಷ್ಟೂ ಅದರ ಬೆಲೆ ಏರುತ್ತ ಹೋದದ್ದು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. 1993ರಲ್ಲಿ ಹಾಂಗ್‌ಕಾಂಗಿನ ಕಂಪನಿಯೊಂದು ಒಂದು ಕೋಟಿ ಪೌಂಡಿಗೆ ಅದನ್ನು ವಶಕ್ಕೆ ತೆಗೆದುಕೊಂಡಿತು. ಹದಿಮೂರು ವರ್ಷಗಳಲ್ಲಿ ಒಂದಾದ ಮೇಲೊಂದು ನಕ್ಷೆ ಬರೆಸಿತೇ ಹೊರತು ಚಾವಣಿ ಹೊದಿಸಲಿಲ್ಲ. 2006ರಲ್ಲಿ ಅದೇ ಅವಶೇಷವನ್ನು ಐರ್ಲೆಂಡಿನವರಿಗೆ ನಲವತ್ತು ಕೋಟಿ ಪೌಂಡಿಗೆ ಮಾರಿತು. ಐರ್ಲೆಂಡಿನವರು 2011ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿದರು. ಚೆಲ್ಸಿ ಫುಟ್‌ಬಾಲ್ ಕ್ಲಬ್ಬಿನವರು ಅಲ್ಲೊಂದು ಕ್ರೀಡಾಂಗಣ ಕಟ್ಟುವ ಆಸೆಯಿಂದ ಬೆಲೆ ಕೇಳಿ ಸೋತರು. 2012ರಲ್ಲಿ ಮಲೇಷ್ಯಾದ ಒಕ್ಕೂಟವೊಂದು ಮತ್ತೆ ಅದೇ ನಲವತ್ತು ಕೋಟಿಗೆ ಕೊಂಡಿತು. ಆ ಒಕ್ಕೂಟದಲ್ಲಿ ಅಲ್ಲಿನ ಕಾರ್ಮಿಕರ ಭವಿಷ್ಯನಿಧಿಯೂ ಪಾಲುದಾರ. ಕ್ವಾಲಾಲಂಪುರದ ಗುಮಾಸ್ತನ ಪಿಎಫ್ ಹಣ ಥೇಮ್ಸ್ ದಂಡೆಯ ಶ್ರೀಮಂತರ ವಸತಿಗೆ ಒದಗಿಬಂದದ್ದನ್ನು ವಿಶ್ವಭ್ರಾತೃತ್ವವೆಂದಲ್ಲದೆ ಬೇರೇನೆಂದು ಕರೆಯೋಣ?

ಇನ್ನು ಚಿಮಣಿಗಳ ವಿಷಯ. ಕಟ್ಟಡಕ್ಕೆ ಸಂರಕ್ಷಿತ ಸ್ಮಾರಕದ ಪಟ್ಟ ಸಿಕ್ಕಿದ್ದು 1980ರಲ್ಲಿ, ಅದರ ದರ್ಜೆ ಇನ್ನೂ ಮೇಲೇರಿದ್ದು 2007ರಲ್ಲಿ. ಜಗತ್ತು ಆ ಕಟ್ಟಡವನ್ನು ಗುರುತಿಸುವುದು ಚಿಮಣಿಗಳಿಂದಲೇ ಆದ್ದರಿಂದ, ಸ್ಮಾರಕವನ್ನು ಕಾಪಾಡಬೇಕಾದರೆ ಮೊದಲು ಚಿಮಣಿಗಳನ್ನು ಕೆಡವಬೇಕೆಂದು ತೀರ್ಮಾನವಾಯಿತು. ಕಾಂಕ್ರೀಟು ಶಿಥಿಲವಾಗಿದೆ, ದುರಸ್ತಿ ಸಾಧ್ಯವಿಲ್ಲ ಎಂದರು. ದುರಸ್ತಿ ಸಾಧ್ಯವಿದೆಯೆಂದು ಸಂರಕ್ಷಣಾವಾದಿಗಳ ಪರವಾಗಿ ಬೇರೆ ಇಂಜಿನಿಯರುಗಳು ವರದಿ ಕೊಟ್ಟರೂ ಅದು ಕಡತದಲ್ಲಿ ಉಳಿಯಿತು, ಕಡತಗಳು ಶಿಥಿಲವಾಗುವುದಿಲ್ಲವಲ್ಲ. 2014ರಿಂದ 2017ರೊಳಗೆ ನಾಲ್ಕೂ ಚಿಮಣಿಗಳನ್ನು ಬಿಚ್ಚಿ, ಅದೇ ಅಳತೆಯಲ್ಲಿ, ಅದೇ ಆಕಾರದಲ್ಲಿ, ಹಳೆಯ ಬಣ್ಣವನ್ನೇ ಹೋಲುವ ಬಣ್ಣ ಬಳಿದು ಹೊಸದಾಗಿ ಕಟ್ಟಲಾಯಿತು. ಇಟ್ಟಿಗೆಗಳನ್ನಂತೂ 1930ರ ದಶಕದಲ್ಲಿ ಕೊಟ್ಟಿದ್ದ ಕಾರ್ಖಾನೆಗಳಿಂದಲೇ ಮತ್ತೆ ಸುಡಿಸಿ ತರಿಸಿದರು. ಪರಂಪರೆಯ ರಕ್ಷಣೆಗೆ ಇದ್ದ ಒಂದೇ ಒಂದು ಅಡ್ಡಿಯೆಂದರೆ ಹಳೆಯ ಪರಂಪರೆ; ಅದನ್ನು ನಿವಾರಿಸಿಕೊಂಡ ಮೇಲೆ ಕೆಲಸ ಸುಸೂತ್ರವಾಗಿ ಸಾಗಿತು. ಈಗ ಆ ಹೊಸ ಪುರಾತನ ಚಿಮಣಿಗಳಲ್ಲೊಂದರೊಳಗೆ ಗಾಜಿನ ಲಿಫ್ಟ್ ಓಡುತ್ತದೆ. ಟಿಕೆಟ್ ತೆಗೆದುಕೊಂಡರೆ ಹೊಗೆ ಹೋಗುತ್ತಿದ್ದ ದಾರಿಯಲ್ಲೇ ನೀವೂ ಮೇಲಕ್ಕೆ ಹೋಗಬಹುದು.

ಟಿಕೆಟ್ಟಿಲ್ಲದೆ ಆ ಎತ್ತರವನ್ನು ಅನುಭವಿಸಿದ್ದು, ನನಗೆ ತಿಳಿದಂತೆ, ಒಂದು ಹಂದಿ. 1976ರ ಡಿಸೆಂಬರಿನಲ್ಲಿ ರಾಕ್ ಸಂಗೀತದ ತಂಡವೊಂದು ತನ್ನ ಧ್ವನಿಮುದ್ರಿಕೆಯ ಹೊದಿಕೆಗಾಗಿ ಹಂದಿಯಾಕಾರದ ದೈತ್ಯ ಬಲೂನನ್ನು ಈ ಚಿಮಣಿಗಳ ನಡುವೆ ಹಾರಿಬಿಟ್ಟಿತು. ಅದು ಹಗ್ಗ ಕಿತ್ತುಕೊಂಡು ವಿಮಾನಗಳ ದಾರಿಗೆ ಅಡ್ಡಬಂದು, ಹೀಥ್ರೂ ನಿಲ್ದಾಣವನ್ನು ಗಾಬರಿಗೊಳಿಸಿ, ಕೊನೆಗೆ ಕೆಂಟ್ ಪ್ರಾಂತ್ಯದ ಹೊಲವೊಂದರಲ್ಲಿ ಇಳಿಯಿತು. ಈ ಕಟ್ಟಡದ ಮೇಲೆ ಯೋಜನೆ ಹಾಕಿದವರ ಪೈಕಿ ಯಾರ ಸಾಲವನ್ನೂ ಮುಳುಗಿಸದೆ ನೆಲ ತಲುಪಿದ್ದು ಅದೊಂದೇ ಇರಬೇಕು.

ಒಳಗಿನ ವೈಭವವನ್ನು ವರ್ಣಿಸದಿದ್ದರೆ ಅಪಚಾರವಾದೀತು. ಟರ್ಬೈನುಗಳಿದ್ದ ಹಜಾರಗಳು ಮಾಲ್ ಆಗಿವೆ, ಬಾಯ್ಲರುಗಳಿದ್ದ ಜಾಗದಲ್ಲಿ ಆಪಲ್ ಕಂಪನಿಯ ಕಚೇರಿಯಿದೆ, ಎರಡನೆಯ ನಿಯಂತ್ರಣ ಕೊಠಡಿ ಈಗ ಮದ್ಯದ ಬಾರು. ಇಡೀ ಲಂಡನ್ನಿನ ಐದನೆಯ ಒಂದು ಭಾಗದಷ್ಟು ವಿದ್ಯುತ್ತನ್ನು ಒಂದು ಕಾಲದಲ್ಲಿ ಒದಗಿಸಿದ ಕಟ್ಟಡದ ಡಯಲುಗಳೂ ಗುಂಡಿಗಳೂ ಅಲ್ಲಿ ಹಾಗೆಯೇ ಇವೆ. ಅವುಗಳ ನಡುವೆ ಕುಳಿತು ಕಾಕ್‌ಟೇಲ್ ಹೀರಬಹುದು. ಇವೆಲ್ಲದರ ಜೊತೆಗೆ 254 ಫ್ಲ್ಯಾಟುಗಳು. ಬಾಯ್ಲರ್ ಹಜಾರದ ನೆತ್ತಿಯ ಮೇಲೆ ತೋಟ ಮಾಡಿ, ತೋಟದ ಸುತ್ತ ವಿಲ್ಲಾಗಳನ್ನು ಕೂರಿಸಿದ್ದಾರೆ. ಕಟ್ಟಡದ ತಲೆಯ ಮೇಲೆ ಮನೆ ಇಡುವ ವಿದ್ಯೆಯಲ್ಲಿ ಕನ್ನಡಿಗರು ಹಿಂದೆ ಬಿದ್ದಿಲ್ಲವೆಂಬುದನ್ನು ಇಲ್ಲಿ ಹೆಮ್ಮೆಯಿಂದ ಹೇಳಬೇಕು. ಬೆಂಗಳೂರಿನ ವಿಠಲ್ ಮಲ್ಯ ರಸ್ತೆಯಲ್ಲಿ ಕುಟುಂಬದ ಹಳೆಯ ಬಂಗಲೆಯಿದ್ದ ಜಾಗದಲ್ಲಿ ಮೂವತ್ತಕ್ಕೂ ಹೆಚ್ಚು ಅಂತಸ್ತಿನ ಕಿಂಗ್‌ಫಿಷರ್ ಟವರ್ಸ್ ಎದ್ದು, ಅದರ ಶಿಖರದಲ್ಲಿ ಮತ್ತೊಂದು ಬಿಳಿ ಬಂಗಲೆ ನಿಂತಿದೆ. ನೆಲದ ಮೇಲಿದ್ದದ್ದನ್ನು ಕೆಡವಿ ಆಕಾಶದಲ್ಲಿ ಕಟ್ಟಿಕೊಂಡ ವಿಜಯ್ ಮಲ್ಯ 2016ರಿಂದ ಇದೇ ಇಂಗ್ಲೆಂಡಿನಲ್ಲಿದ್ದಾರೆ. ತವರಿನ ವಾಸ್ತುಶೈಲಿ ಇಲ್ಲಿಯೂ ಕಣ್ಣಿಗೆ ಬೀಳುತ್ತಿರುವುದರಿಂದ ಅವರಿಗೆ ಊರಿನ ನೆನಪು ಅಷ್ಟಾಗಿ ಕಾಡಲಾರದು.

ಪುನರ್ವಸತಿಯ ವಿಷಯದಲ್ಲಿಯೂ ಈ ಯೋಜನೆ ಮಾದರಿಯೇ. ಪಾಳುಬಿದ್ದ ಕಟ್ಟಡದಲ್ಲಿ ಪೆರಿಗ್ರಿನ್ ಡೇಗೆಗಳೆಂಬ ಬೇಟೆಹಕ್ಕಿಗಳು ಬಂದು ನೆಲೆಸಿದ್ದವು. 1981ರ ವನ್ಯಜೀವಿ ಕಾಯಿದೆಯ ಪ್ರಕಾರ ಅವುಗಳ ಗೂಡಿಗೆ ತೊಂದರೆ ಕೊಡುವಂತಿಲ್ಲ. ಆದ್ದರಿಂದ ಕಾಮಗಾರಿ ನಡೆಯುವಷ್ಟು ಕಾಲ ಅವುಗಳಿಗೆಂದೇ ಎತ್ತರದ ಕಂಬವೊಂದನ್ನು ನೆಟ್ಟು, ತುದಿಯಲ್ಲಿ ಗೂಡಿನ ಪೆಟ್ಟಿಗೆಯಿಟ್ಟು, ಕೆಲಸ ಮುಗಿದ ಮೇಲೆ ಕಟ್ಟಡದಲ್ಲೇ ಶಾಶ್ವತವಾದ ಸ್ಥಳ ಕೊಡಲಾಯಿತು. ಡೇಗೆಗಳನ್ನು ಯಾರೂ ಆದಾಯ ಪ್ರಮಾಣಪತ್ರ ಕೇಳಲಿಲ್ಲ. ಪೌಂಡಿನ ಮೌಲ್ಯ ಕುಸಿದಿದೆ, ಸಿಮೆಂಟಿನ ದರ ಏರಿದೆ, ಹಾಗಾಗಿ ಗೂಡಿನಲ್ಲಿ ಐದನೆಯ ಎರಡು ಭಾಗವನ್ನು ಕಡಿತ ಮಾಡುತ್ತೇವೆ ಎಂದು ಯಾರೂ ಅವುಗಳಿಗೆ ನೋಟಿಸು ಕಳುಹಿಸಲಿಲ್ಲ.

ಮನುಷ್ಯರಿಗೆ ಕಳುಹಿಸಿದರು. ಕಟ್ಟಡವೂ ಸುತ್ತಲಿನ ಜಮೀನೂ ಸೇರಿ ಒಟ್ಟು 4,239 ಮನೆಗಳ ಯೋಜನೆಯಲ್ಲಿ 636 ಮನೆಗಳು ಕೈಗೆಟುಕುವ ದರದಲ್ಲಿರುತ್ತವೆಂಬ ಮಾತು ಮೊದಲು ಆಗಿತ್ತು. ಅದೇ ದೊಡ್ಡ ಸಂಖ್ಯೆಯಲ್ಲ, ನೂರಕ್ಕೆ ಹದಿನೈದು. 2017ರಲ್ಲಿ, ಖರ್ಚು ಹೆಚ್ಚಿತು, ಲಾಭ ಸಾಲದು ಎಂದು ಕಂಪನಿ ಲೆಕ್ಕ ಒಪ್ಪಿಸಿತು. ಅಲ್ಲಿನ ಸ್ಥಳೀಯ ಆಡಳಿತವಾದ ವಾಂಡ್ಸ್‌ವರ್ತ್ ಕೌನ್ಸಿಲ್ ಒಪ್ಪಿಕೊಂಡಿತು. 636 ಇದ್ದದ್ದು 386 ಆಯಿತು. ಆ 386 ಕೂಡ ನದಿಯ ಕಡೆಗಿಲ್ಲ, ಚಿಮಣಿಗಳ ಅಡಿಯಲ್ಲಿಲ್ಲ, ಆಚೆಯ ಸ್ಲೀಫರ್ಡ್ ಬೀದಿಯಲ್ಲಿವೆ. ಇದರಲ್ಲಿ ನಗುವಂಥದ್ದೇನೂ ನನಗೆ ಕಾಣುವುದಿಲ್ಲ. ಹೊಸ ಚಿಮಣಿಯನ್ನು ಹಳೆಯ ಚಿಮಣಿಯಂತೆಯೇ ಅಂಗುಲ ತಪ್ಪದೆ ಕಟ್ಟಬೇಕೆಂದು ಹಟ ಹಿಡಿಯಬಲ್ಲ ಸರ್ಕಾರಿ ವ್ಯವಸ್ಥೆಗೆ, ಬರೆದುಕೊಟ್ಟ ಮನೆಗಳ ಸಂಖ್ಯೆಯನ್ನು ತಪ್ಪದೆ ಕಟ್ಟಿಸಲು ಆಗಲಿಲ್ಲ. ಕಾಂಕ್ರೀಟಿನ ವಿಷಯದಲ್ಲಿದ್ದ ನಿಷ್ಠುರತೆ ದಾದಿಯರ, ಬಸ್ ಚಾಲಕರ, ಆ ಮಾಲಿನಲ್ಲೇ ಕಸ ಗುಡಿಸುವವರ ವಿಷಯಕ್ಕೆ ಬಂದಾಗ ಮೆತ್ತಗಾಯಿತು.

ಆ ಕಟ್ಟಡದ ನಿಜವಾದ ಪರಂಪರೆ ಏನಾಗಿತ್ತೆಂಬುದು ನದಿಯ ಆಚೆ ದಡದಲ್ಲಿ ಇಂದಿಗೂ ಕಾಣುತ್ತದೆ. ಪಿಮ್ಲಿಕೊದ ಚರ್ಚಿಲ್ ಗಾರ್ಡನ್ಸ್ ಎಂಬ ಕೌನ್ಸಿಲ್ ಬಡಾವಣೆಯನ್ನು ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಬಾಂಬು ಬಿದ್ದು ಹಾಳಾದ ಪ್ರದೇಶದಲ್ಲಿ, ಸಾಮಾನ್ಯ ಜನರಿಗಾಗಿ ಕಟ್ಟಿದರು. ವಿದ್ಯುತ್ ಉತ್ಪಾದಿಸುವಾಗ ವ್ಯರ್ಥವಾಗುತ್ತಿದ್ದ ಶಾಖದಿಂದ ನೀರು ಕಾಯಿಸಿ, ನದಿಯ ಅಡಿಯಲ್ಲಿ ಕೊಳವೆ ಹಾಯಿಸಿ, ಬ್ಯಾಟರ್‌ಸೀಯಿಂದ ಆ ಮನೆಗಳಿಗೆ ಬಿಸಿನೀರನ್ನೂ ಚಳಿಗಾಲದ ಬಿಸುಪನ್ನೂ ಒದಗಿಸುತ್ತಿದ್ದರು. ಆ ಬಿಸಿನೀರನ್ನು ಕೂಡಿಟ್ಟುಕೊಳ್ಳಲು ಕಟ್ಟಿದ ಗಾಜಿನ ಗೋಪುರ ಇನ್ನೂ ನಿಂತಿದೆ. ಕಾಯಕವೂ ದಾಸೋಹವೂ ಒಂದೇ ಕಟ್ಟಡದಲ್ಲಿ ನಡೆದ ಇಂಥ ಉದಾಹರಣೆ ಬಸವಣ್ಣನವರ ಪ್ರತಿಮೆಗೆ ಇಷ್ಟು ಹತ್ತಿರ ಸಿಗುತ್ತದೆಂದು ಅತ್ತೆ-ಮಾವಂದಿರಿಗೆ ಹೇಳಿದರೆ ಅವರು ಖಂಡಿತ ಮೆಚ್ಚುತ್ತಾರೆ. ಕಲ್ಲಿದ್ದಲು ಸುಡುತ್ತಿದ್ದಾಗ, ಇಡೀ ಊರಿನ ಮೇಲೆ ಮಸಿ ಉಗುಳುತ್ತಿದ್ದಾಗ, ಅದು ಬಡವರ ಮನೆಯನ್ನು ಬೆಚ್ಚಗಿಟ್ಟಿತ್ತು. ಮಸಿ ತೊಳೆದು, ಬಣ್ಣ ಬಳಿದು, ತಾನೇ ಮನೆಯಾದ ಮೇಲೆ ಬಡವರನ್ನು ಬಾಗಿಲಿನಿಂದಾಚೆ ನಿಲ್ಲಿಸಿತು. ಇಟ್ಟಿಗೆಯ ಬಣ್ಣವನ್ನೂ ಡಯಲಿನ ಮುಳ್ಳನ್ನೂ ಉಳಿಸಿಕೊಂಡವರಿಗೆ ಉಳಿಸಿಕೊಳ್ಳಬೇಕೆಂದು ತೋಚದೆ ಹೋದದ್ದು ಈ ಒಂದು ಸಂಗತಿ ಮಾತ್ರ.

ಕೈಬಿಟ್ಟ 250 ಮನೆಗಳ ಬಗ್ಗೆ ನಿರಾಶರಾಗಬೇಕಾಗಿಲ್ಲವೆಂದು ಆಗಲೇ ಸಮಾಧಾನ ಹೇಳಿದ್ದರು: ಮುಂದೆ ಲಾಭ ಚೆನ್ನಾಗಿ ಬಂದರೆ ಅವನ್ನು ಕಟ್ಟುವ ವಿಚಾರವನ್ನು ಮತ್ತೆ ಪರಿಶೀಲಿಸಬಹುದಂತೆ. ಲಾಭ ಎಷ್ಟು ಬಂದರೆ ಚೆನ್ನಾಗಿ ಬಂದಂತೆ ಎಂಬುದನ್ನು ಲೆಕ್ಕ ಹಾಕಿ ಹೇಳಬೇಕಾದವರು ಲಾಭ ಪಡೆಯುವವರೇ.