ಯಾವ ಬಲೆ, ಯಾವ ತಿಂಗಳು, ಕೆರೆಯ ಯಾವ ಮೂಲೆ?

ನಮ್ಮ ತುಮಕೂರು ಜಿಲ್ಲೆಯ ಒಂದು ದೊಡ್ಡ ಕೆರೆಯನ್ನು (ಹೆಸರು ಬೇಡ, ಗೊತ್ತಿದ್ದೋರಿಗೆ ಗೊತ್ತು) ಹಕ್ಕಿಗಳಿಗಾಗಿ 'ಸಂರಕ್ಷಣಾ ಮೀಸಲು' ಮಾಡುವ ಬಗ್ಗೆ ಸಾರ್ವಜನಿಕ ಸಮಾಲೋಚನೆ ಮುಗಿಯಿತು. ಮುಗಿಯಿತು ಅಂದರೆ ಉಪ್ಪಿಟ್ಟು ಖಾಲಿಯಾಯಿತು. ಸಭೆಗೆ ಇಟ್ಟ ಪ್ರಶ್ನೆ ಒಂದೇ: "ಕೆರೆಯಲ್ಲಿ ಮೀನುಗಾರಿಕೆ ನಿಲ್ಲಿಸಬಹುದಾ? ಒಪ್ಪುವವರು ಕೈ ಎತ್ತಿ." ಏರಿ ಮೇಲೆ ವಾಕಿಂಗ್ ಬರುವವರು ಎತ್ತಿದರು, ಕ್ಯಾಮೆರಾದವರು ಎತ್ತಿದರು, ಮೇಷ್ಟ್ರು ಕರೆತಂದಿದ್ದ ಶಾಲೆ ಮಕ್ಕಳು ಎರಡೂ ಕೈ ಎತ್ತಿದರು. ಹಿಂದಿನ ಸಾಲಲ್ಲಿ ಒಬ್ಬರು ವಯಸ್ಸಾದ ಬೆಸ್ತರು ಎದ್ದು, "ಸ್ವಾಮಿ, ಯಾವ ಬಲೆ?" ಅಂದರು. "ಎಲ್ಲಾ ಬಲೇನೂ ಯಜಮಾನ್ರೇ, ಕೂತ್ಕೊಳಿ."

ಇಡೀ ಸಭೆಯಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದ್ದು ಅವರೊಬ್ಬರೇ. ಅವರನ್ನೇ ಕೂರಿಸಿದರು.

ನನ್ನ ಮನೇಲಿ ಮೀನು ಬೇಯುವುದಿಲ್ಲ, ನನ್ನ ಗೋಡೆ ತುಂಬ ಹಕ್ಕಿ ಫೋಟೋಗಳೇ, ಅದು ನಿಮಗೆಲ್ಲ ಗೊತ್ತು. ಹಾಗಾಗಿ "ಮೀನು ಗುತ್ತಿಗೆದಾರನ ಕಡೆಯವನು" ಅಂತ ಕಾಮೆಂಟು ಹಾಕುವ ಶ್ರಮ ತಗೋಬೇಡಿ. ನನ್ನ ತಕರಾರು ನಿರ್ಬಂಧದ ಮೇಲಲ್ಲ. ನಿರ್ಬಂಧ ಬೇಕು, ಕೆಲವು ಕಡೆ ಇನ್ನೂ ಬಿಗಿಯಾಗಿಯೇ ಬೇಕು. ಆದರೆ 'ಮೀನುಗಾರಿಕೆ ಬೇಕೋ ಬೇಡವೋ' ಅನ್ನುವುದು ಪ್ರಶ್ನೆಯೇ ಅಲ್ಲ. ಯಾವ ಬಲೆ, ಯಾವ ತಿಂಗಳು, ಕೆರೆಯ ಯಾವ ಮೂಲೆ ಅನ್ನುವುದು ಪ್ರಶ್ನೆ.

ಬಲೆಯಿಂದ ಶುರು ಮಾಡೋಣ. ತೂಬಿನ ಹತ್ತಿರದ ಆಳದಲ್ಲಿ ತೆಪ್ಪದ ಮೇಲೆ ಹೋಗಿ ಕಟ್ಟುವ ದೊಡ್ಡ ಕಣ್ಣಿನ ಗಿಲ್ ನೆಟ್ (ಮೀನಿನ ಕಿವಿರು ಸಿಕ್ಕಿಕೊಳ್ಳುವ ಬಲೆ) ಬೇರೆ, ದಡದ ಮಂಡಿಯುದ್ದ ನೀರಲ್ಲಿ ಸೊಳ್ಳೆಪರದೆ ಹಿಡಿದು ಎಳೆಯುವುದು ಬೇರೆ. ಬಣ್ಣದ ಕೊಕ್ಕರೆ ಊಟ ಹುಡುಕುವುದು ಆಳದಲ್ಲಲ್ಲ. ಕೊಕ್ಕನ್ನು ಅರ್ಧ ತೆರೆದು, ಕಾಲಷ್ಟೇ ಮುಳುಗುವ ನೀರಲ್ಲಿ ಆಚೆ ಈಚೆ ಆಡಿಸುತ್ತಾ, ತಗುಲಿದ ಸಣ್ಣ ಮೀನನ್ನು ಥಟ್ಟನೆ ಹಿಡಿಯುತ್ತದೆ. ಸಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಮರಿ ಮಾಡುವ ಕೊಕ್ಕರೆಗಳು ಸುತ್ತಲ ಕೆರೆಗಳ ಅಂಚನ್ನೇ ನಂಬಿಕೊಂಡಿವೆ. ಅವುಗಳ ತಟ್ಟೆಗೆ ಕೈ ಹಾಕುವುದು ಸೊಳ್ಳೆಪರದೆ. ಒಂದು ಕೆಜಿಯ ಕಾಟ್ಲಾ ಮೀನು ಹಿಡಿಯುವ ಬಲೆಗೂ ಕೊಕ್ಕರೆಯ ಹೊಟ್ಟೆಗೂ ಸಂಬಂಧ ಕಡಿಮೆ.

ಹಾಗಂತ ಗಿಲ್ ನೆಟ್ ಏನು ಸಾಧುವಲ್ಲ. ಒಂಟಿ ಎಳೆಯ ತೆಳು ನೈಲಾನ್ ಬಲೆ ನೀರಲ್ಲಿ ಕಾಣುವುದೇ ಇಲ್ಲ. ಸಂಜೆ ಕಟ್ಟಿ ಬೆಳಗ್ಗೆ ಎತ್ತುವಷ್ಟರಲ್ಲಿ ನೀರುಕಾಗೆ, ಗುಳುಮುಳುಕ ಮುಳುಗಿ ಸಿಕ್ಕಿಕೊಂಡು ಉಸಿರುಗಟ್ಟಿರುತ್ತವೆ. ಅಗ್ಗದ ಬಲೆ ಅಂತ ಹರಿದದ್ದನ್ನು ಜಾಲಿಮುಳ್ಳಿನಲ್ಲಿ ಹಾಗೇ ಬಿಟ್ಟು ಹೋದರೆ, ಕೊಳೆಯದ ಆ ಬಲೆ ಯಾರಿಗೂ ಬೇಡದ ಬೇಟೆಯನ್ನು ಮುಂದುವರಿಸುತ್ತಲೇ ಇರುತ್ತದೆ. ಇದಕ್ಕೆ ಮದ್ದು ಇದೆ: ಪ್ರತಿ ಬಲೆಗೂ ನಂಬರು ಹಾಕಿದ ತೇಲುಬಿಲ್ಲೆ, ಎಷ್ಟು ಬಲೆ ಇಳಿಯಿತೋ ಅಷ್ಟು ಮೇಲೆ ಬಂತೇ ಎಂಬ ಲೆಕ್ಕ, ಹಕ್ಕಿ ಹೆಚ್ಚು ಮುಳುಗುವ ಕಡೆ ಬಲೆ ಕಟ್ಟಬಾರದೆಂಬ ಗಡಿ. ಇದರಲ್ಲಿ ಒಂದು ಸಾಲಾದರೂ ಸಭೆಗೆ ಬಂತೇ? ಕೈ ಎತ್ತಿ ಅಂದರು, ಅಷ್ಟೇ.

ಬಲೆಯ ಕಣ್ಣಿನ ಅಳತೆಯಂತೂ ಯಾರ ಬಾಯಲ್ಲೂ ಬರಲಿಲ್ಲ. ನಿಯಮದಲ್ಲಿ ಬರೀ 'ನಾಲ್ಕು ಇಂಚು' ಎಂದು ಬರೆದರೆ ಸಾಲದು. ತೋಯ್ದ ಬಲೆಯ ಕಣ್ಣನ್ನು ಎಳೆದು ಹಿಡಿದು ಎದುರುಬದುರು ಗಂಟುಗಳ ನಡುವೆ ಅಳೆಯುವುದು ಒಂದು ಲೆಕ್ಕ, ಅಕ್ಕಪಕ್ಕದ ಗಂಟುಗಳ ನಡುವೆ ಅಳೆಯುವುದು ಇನ್ನೊಂದು. ಎರಡನೆಯದು ಮೊದಲನೆಯದರ ಅರ್ಧ. ಯಾವ ಲೆಕ್ಕ ಎಂದು ಬರೆಯದಿದ್ದರೆ ಅಂಗಡಿಯವನದು ಒಂದು ಅಳತೆ, ಗಾರ್ಡಿನದು ಇನ್ನೊಂದು, ಜಗಳ ಮಾತ್ರ ಗ್ಯಾರಂಟಿ. ಹತ್ತು ಕಣ್ಣು ಒಟ್ಟಿಗೆ ಎಳೆದು ಅಳೆದು ಹತ್ತರಿಂದ ಭಾಗಿಸಿದರೆ ಮೋಸಕ್ಕೆ ಜಾಗವಿಲ್ಲ. ಎಳೆದು ಅಳೆದಾಗ 100 ಮಿಲಿಮೀಟರ್ ಇದ್ದರೆ ಸಣ್ಣ ಕಾಟ್ಲಾ ನುಸುಳಿ ಹೋಗುತ್ತದೆ.

ಇನ್ನು ತಿಂಗಳು. ವೇದಿಕೆಯಿಂದ ಒಬ್ಬರು ಉದಾರವಾಗಿ, "ಪೂರ್ತಿ ಬೇಡ ಅಂದ್ರೆ ಕರಾವಳಿ ಥರ ಜೂನ್, ಜುಲೈ ನಿಲ್ಲಿಸೋಣ" ಅಂದರು. ಚಪ್ಪಾಳೆ! ಕರಾವಳಿಯ 61 ದಿನಗಳ ನಿಷೇಧ ಯಂತ್ರದ ದೋಣಿಗಳಿಗೆ. ಅಲ್ಲೂ ನಾಡದೋಣಿಗಳಿಗೆ, 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದವಕ್ಕೆ ವಿನಾಯಿತಿ ಇದೆ. ಅಂದರೆ ಕಡಲಲ್ಲೂ 'ಎಲ್ಲಾ ಬಲೇನೂ' ಅನ್ನುವುದಿಲ್ಲ. ಅದಿರಲಿ, ನಮ್ಮ ಬಯಲುಸೀಮೆಯಲ್ಲಿ ಜೂನ್‌ನಲ್ಲಿ ಕೆರೆ ಹೆಚ್ಚಿನ ವರ್ಷ ತಳ ಕಂಡಿರುತ್ತದೆ. ನಮ್ಮ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಹಿಡಿಯುವ ಕಾಲ ಬೇಸಿಗೆ, ನೀರು ಇಳಿದಂತೆಲ್ಲ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನ ಕೆರೆಯಲ್ಲಿ ಮೊಟ್ಟೆಯನ್ನೇ ಇಡುವುದಿಲ್ಲ, ಅವಕ್ಕೆ ಹರಿಯುವ ಹೊಳೆಯ ನೆರೆ ಬೇಕು. ಅದಕ್ಕೇ ತಾನೆ 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಮರಿ ಮಾಡಿಸುವುದನ್ನು ಸಾಧಿಸಿದ್ದು! ನಾವು ಕೆರೆಗೆ ಬಿಡುವ ಮರಿಯೆಲ್ಲ ಆ ದಾರಿಯಲ್ಲಿ ಬಂದದ್ದೇ. ಹಾಗಿದ್ದರೆ ಜೂನ್‌ನಲ್ಲಿ ನೀವು ಕಾಯುವುದು ಯಾರ ಬಾಣಂತನ?

ಕೆರೆಯಲ್ಲೇ ಮರಿ ಮಾಡುವವು ಬೇರೆ ಇವೆ. ಕೊರವ ಮೀನು ತನ್ನ ಮರಿಗಳನ್ನು ತಾನೇ ಕಾಯುತ್ತದೆ, ಜಿಲೇಬಿ ಮೀನು (ತಿಲಾಪಿಯಾ) ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ, ಸಾಮಾನ್ಯ ಗೆಂಡೆ ಪಾಚಿ, ಗಿಡದ ಮೇಲೆ ಮೊಟ್ಟೆ ಅಂಟಿಸುತ್ತದೆ. ಸಣ್ಣ ಜಾತಿಯ ಎಷ್ಟೋ ಮೀನು ಹೊಸನೀರು ಬಂದ ಕೂಡಲೇ ಹಳ್ಳ ಹತ್ತುತ್ತವೆ, ಕೊಕ್ಕರೆಗೆ ಬೇಕಾದ್ದು ಇವೇ. ಇವನ್ನು ಉಳಿಸಬೇಕೆಂದರೆ ಹಳ್ಳದ ಬಾಯಿಗೆ, ಕೋಡಿಯ ಕೆಳಗೆ ಇಡುವ ಬೋನು, ಅಡ್ಡಬಲೆ ತೆಗೆಸಬೇಕು. ಕ್ಯಾಲೆಂಡರ್ ನೋಡಿಕೊಂಡು ಅಲ್ಲ, ನೀರು ಬಂದ ದಿನದಿಂದ ಎರಡು ಮೂರು ವಾರ. ಕೋಲಾರದಲ್ಲಿ ಲೆಕ್ಕ ಮತ್ತೆ ಬದಲು: 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು) ಬರುವ ಕೆರೆಗಳಿಗೆ ಬೇಸಿಗೆಯೇ ಇಲ್ಲ.

ಪೂರ್ತಿ ನಿಲ್ಲಿಸಿದರೆ ಏನಾಗುತ್ತದೆ ಅದನ್ನೂ ಕೇಳಿ. ಹಿಡಿಯುವವನಿಲ್ಲದಿದ್ದರೆ ಮರಿ ಬಿಡುವವನೂ ಇಲ್ಲ. ಕಾಟ್ಲಾ, ರೋಹು ಕ್ರಮೇಣ ಖಾಲಿ. ಉಳಿಯುವುದು ಜಿಲೇಬಿ, ಅದೂ ಸಂಖ್ಯೆ ಹೆಚ್ಚಾಗಿ ಬೆರಳುದ್ದಕ್ಕೇ ಬೆಳವಣಿಗೆ ನಿಂತದ್ದು. ಜೊತೆಗೆ ಸಾಕಬಾರದೆಂದು ಸರ್ಕಾರವೇ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಸೇರಿದ್ದರೆ ಮುಗಿಯಿತು. ಅದನ್ನು ಹಿಡಿದು ತೆಗೆಯುವವರಿಗೆ ಸನ್ಮಾನ ಮಾಡಬೇಕು, ನಾವು ಕೇಸು ಹಾಕಲು ಹೊರಟಿದ್ದೇವೆ.

"ಇಷ್ಟೆಲ್ಲ ವಿವರ ಜನಕ್ಕೆ ಅರ್ಥವಾಗಲ್ಲ, ಪೂರ್ತಿ ನಿಷೇಧವಾದರೆ ಜಾರಿ ಮಾಡೋದು ಸುಲಭ" ಅಂತ ಒಬ್ಬ ಗೆಳೆಯರು ನನಗೇ ಪಾಠ ಹೇಳಿದರು. ಸುಲಭ, ಹೌದು. ಹಗಲು ತೆಪ್ಪದಲ್ಲಿ ಎಲ್ಲರಿಗೂ ಕಾಣುವ ಹಾಗೆ ಹೋಗುವವನನ್ನು ಹಿಡಿಯುವುದು ಬಹಳ ಸುಲಭ. ರಾತ್ರಿ ಕರೆಂಟ್ ತಂತಿ ಇಳಿಸುವವನಿಗೆ, ಸಿಡಿಮದ್ದು ಹಾಕುವವನಿಗೆ ನಿಷೇಧ ಹೊಸದೇನಲ್ಲ. ಸಿಡಿಮದ್ದು, ವಿಷ ಎರಡೂ ಮೊದಲಿಂದಲೇ ಅಪರಾಧ. ಕೆರೆಯಲ್ಲಿ ತೆಪ್ಪಗಳೇ ಇಲ್ಲವೆಂದರೆ ಅವನನ್ನು ನೋಡಿ ಫೋನ್ ಮಾಡುವವರೂ ಇಲ್ಲ. ಮತ್ತೆ 'ಜನಕ್ಕೆ ಅರ್ಥವಾಗಲ್ಲ' ಅನ್ನುವ ಮಾತು! ಬಲೆಯ ಕಣ್ಣು ಅರ್ಥವಾಗದಿದ್ದದ್ದು ವೇದಿಕೆ ಮೇಲಿದ್ದವರಿಗೆ.

ಕಾನೂನಿನಲ್ಲೂ ಒಂದು ತಮಾಷೆ ಇದೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಡಲನ್ನು ವನ್ಯಧಾಮಕ್ಕೆ ಸೇರಿಸುವುದಾದರೆ ನೌಕಾಪಡೆಯ ಮುಖ್ಯ ಜಲನಕ್ಷೆಗಾರರ ಜೊತೆ ಸಮಾಲೋಚಿಸಿ, ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯುವ ಕ್ರಮ ಕೈಗೊಂಡ ಮೇಲೆಯೇ ಗಡಿ ಗುರುತಿಸಬೇಕು. ಸೆಕ್ಷನ್ 26ಎ. ನಮ್ಮ ಕೆರೆಗೆ ಅನ್ವಯಿಸುವ ಸೆಕ್ಷನ್ 36ಎ 'ಸ್ಥಳೀಯ ಸಮುದಾಯಗಳೊಂದಿಗೆ ಸಮಾಲೋಚಿಸಿ' ಎಂದು ಹೇಳಿ ಸುಮ್ಮನಾಗುತ್ತದೆ. ಎಷ್ಟು ದಿನ ಮೊದಲು ನೋಟಿಸು, ಕರಡು ಓದಿ ಹೇಳಬೇಕೋ ಬೇಡವೋ, ಆ ಸಾಲಿನಲ್ಲಿಲ್ಲ. ಕಾರ್ಖಾನೆ ಕಟ್ಟಲು ನಡೆಸುವ ಸಾರ್ವಜನಿಕ ವಿಚಾರಣೆಗೇ 2006ರ ಪರಿಸರ ಪರಿಣಾಮ ಅಧಿಸೂಚನೆ ಕನಿಷ್ಠ 30 ದಿನಗಳ ನೋಟಿಸು, ವಿಡಿಯೋ ಚಿತ್ರೀಕರಣ ಕಡ್ಡಾಯ ಮಾಡಿದೆ. ಕೆರೆಗೆ ಒಂದು ಬ್ಯಾನರ್ ಸಾಕಾಯಿತು. ನೌಕಾಪಡೆಯವರು ಬರುವುದು ಬೇಡಪ್ಪ, ಒಬ್ಬ ಸರ್ವೇಯರ್ ಬಂದು ತುಂಬಿದ ಕೆರೆಯ ನೀರಿನ ಮಟ್ಟ, ಬೇಸಿಗೆಯ ಮಟ್ಟ ಎರಡನ್ನೂ ನಕ್ಷೆಯಲ್ಲಿ ಎಳೆದರೆ 'ಯಾವ ಮೂಲೆ' ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ.

ಎರಡನೇ ಸಭೆ ಇದೆಯಂತೆ. ಅದನ್ನು ಬೆಳಗ್ಗೆ ಹನ್ನೊಂದಕ್ಕೆ ಸಮುದಾಯ ಭವನದಲ್ಲಿ ಇಡಬೇಡಿ, ಆ ಹೊತ್ತಿಗೆ ಬೆಸ್ತರು ಮೀನು ಮಾರಲು ಸಂತೆಯಲ್ಲಿರುತ್ತಾರೆ. ಮೀನು ತೂಕ ಹಾಕುವ ಜಾಗದಲ್ಲೇ ಮಾಡಿ. ಕರಡು ನಿಯಮ, ನಕ್ಷೆ ಪಂಚಾಯ್ತಿ ಗೋಡೆಗೆ ಮೊದಲೇ ಅಂಟಿಸಿ. ಗುತ್ತಿಗೆ ನಡುವೆಯೇ ನಿಲ್ಲಿಸಿದರೆ ಕಟ್ಟಿದ ಹಣ, ಬಿಟ್ಟ ಮರಿಯ ಖರ್ಚು ಯಾರು ಕೊಡುತ್ತಾರೆ, ಪಾಲಿಗೆ ದುಡಿಯುವವರಿಗೆ ಏನು, ಅದನ್ನೂ ಬರೆಯಿರಿ. ಊರಿನವರಿಗೆ ಒಂದು ಮಾತು: ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ಸಹಿ ಕೇಳುತ್ತಾರೆ, ನಾಳೆ ಅದೇ ಹಾಳೆ ಒಪ್ಪಿಗೆ ಪತ್ರದಂತೆ ಫೈಲಿಗೆ ಸೇರಬಹುದು. ಸಹಿಯ ಪಕ್ಕದಲ್ಲಿ 'ಹಾಜರಿ ಮಾತ್ರ, ಕರಡು ನೋಡಿಲ್ಲ' ಎಂದು ಬರೆಯಿರಿ. ಹೆಬ್ಬೆಟ್ಟು ಒತ್ತುವವರಿಗೆ ಪಕ್ಕದಲ್ಲಿದ್ದ ಹುಡುಗರು ಬರೆದುಕೊಡಿ.