ಫಿರೋಜಾ ಬಣ್ಣ ಬದಲಾದರೆ ಹೆದರಬೇಡಿ
ಫಿರೋಜಾ, ಅಂದರೆ ಟರ್ಕಾಯ್ಸ್ ಎಂಬ ನೀಲಿ ಹರಳು, ಹಸಿರಿಗೆ ತಿರುಗಿದರೆ ಹಾಕಿಕೊಂಡವರಿಗೆ ಕಾಯಿಲೆ ಬರುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಜನರನ್ನು ಹೀಗೆ ಹೆದರಿಸಬೇಡಿ. ನಮ್ಮ ಅತ್ತೆ ಇದೇ ಮಾತು ಕೇಳಿ ಎಷ್ಟೋ ರಾತ್ರಿ ನಿದ್ದೆ ಕೆಟ್ಟಿದ್ದಾರೆ.

ನಾವು ಕುಶಾಲನಗರದವರು. ಕಾವೇರಿ ದಾಟಿ ಸ್ವಲ್ಪ ಹೋದರೆ ಬೈಲುಕುಪ್ಪೆ. ಅಲ್ಲಿನ ಟಿಬೆಟನ್ ಅಜ್ಜಿಯರ ಕೊರಳಲ್ಲಿ ಹವಳದ ಜೊತೆ ಈ ಕಲ್ಲನ್ನು ನೋಡುತ್ತಲೇ ಬೆಳೆದೆ. ಹಸಿರು ಮಣಿಗಳನ್ನೂ ಅವರು ಎಷ್ಟು ಪ್ರೀತಿಯಿಂದ ಹಾಕಿಕೊಳ್ಳುತ್ತಾರೆ!

ಈ ಕಲ್ಲಿಗೆ ನೀಲಿ ಬರುವುದು ತಾಮ್ರದಿಂದ, ಕಬ್ಬಿಣ ಜಾಸ್ತಿ ಇದ್ದರೆ ಹಸಿರು ಛಾಯೆ. ಜೊತೆಗೆ ಇದರ ಮೈತುಂಬಾ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು, ಹಾಗಾಗಿ ಬೆವರು, ಎಣ್ಣೆ, ಸೋಪು, ಸೆಂಟು ಏನು ತಾಗಿದರೂ ಹೀರಿಕೊಂಡು ಬಣ್ಣ ಕೆಡುತ್ತದೆ. ಹುಳಿಯೂ ಆಗದು. ಅತ್ತೆ ಫಿರೋಜಾ ಉಂಗುರ ತೆಗೆಯದೆ ಹಂದಿಮಾಂಸಕ್ಕೆ ಮಸಾಲೆ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಕೈಯಲ್ಲೇ ಕಲಸುತ್ತಿದ್ದರು, ಕಲ್ಲು ಮಂಕಾಗದೆ ಇನ್ನೇನಾಗುತ್ತದೆ ಹೇಳಿ? ಗಡಸುತನವೂ ಹತ್ತರವರೆಗಿನ ಮೋಸ್ ಮಾಪಕದಲ್ಲಿ 5ರಿಂದ 6 ಅಷ್ಟೇ, ಬೇಗ ಗೀರು ಬೀಳುತ್ತದೆ. ಬರೀ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ನಂಬಿಕೆಗಳು ಬೇಡ ಅಂತಲ್ಲ. ಕುದುರೆಯಿಂದ ಬೀಳದಂತೆ ಸವಾರನನ್ನು ಈ ಕಲ್ಲು ಕಾಯುತ್ತದೆ ಎಂದು ಹಿಂದೆ ನಂಬುತ್ತಿದ್ದರು, ಅದು ನನಗೆ ತುಂಬಾ ಇಷ್ಟ. ಇರಾನಿನ ನಿಶಾಪುರದ ಫಿರೋಜಾ ಗಣಿಗಳ ಬಗ್ಗೆ, ಹೌಲೈಟ್ ಎಂಬ ಬಿಳಿ ಕಲ್ಲಿಗೆ ಬಣ್ಣ ಹಾಕಿ ಫಿರೋಜಾ ಎಂದು ಮಾರುವುದರ ಬಗ್ಗೆಯೂ ಬರೆಯಿರಿ. ನಾನು ಪ್ರವಾಸದಲ್ಲಿ ಕೊಂಡ ಸರ ಅಂಥದ್ದೇ, ಮೊದಲ ಮಳೆಗಾಲಕ್ಕೇ ಕುತ್ತಿಗೆಗೆಲ್ಲ ನೀಲಿ ಹತ್ತಿತು.