ಕೂಸಿನ ಬೆನ್ನುನೋವು ಸುಮ್ನೆ ಬಂದದ್ದಲ್ಲ

ಜೂನ್ ತಿಂಗಳ ಮಳೆಗೆ ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಮನೆಯಲ್ಲಿ ಬಟ್ಟೆ ಒಣಗುವುದು ಚಾವಡಿಯ ಒಳಗೆ. ಹಗ್ಗ ಸ್ವಲ್ಪ ಎತ್ತರದಲ್ಲಿದೆ. ಟೆಕ್ಸಾಸ್‌ನಿಂದ ರಜೆಗೆ ಬಂದಿದ್ದ ಅಣ್ಣನ ಮಗಳು ಒದ್ದೆ ಬೈರಾಸು ಹಿಡಿದು, ತಲೆ ಎತ್ತಿ, ಕೈ ಮೇಲೆ ಮಾಡಿದಳು. ಅಷ್ಟೇ. ಅರ್ಧಕ್ಕೇ ನಿಂತು ಸೊಂಟ ಹಿಡಿದುಕೊಂಡಳು.

"ಎಂತಾತು ಕೂಸೇ?" ಎಂದೆ.

"ಎಂತ ಇಲ್ಲೆ ಅತ್ತೆ" ಎಂದಳು. ಮುಖ ಮಾತ್ರ ಬೇರೆಯೇ ಹೇಳುತ್ತಿತ್ತು.

ಕೂಸು ಅಂದರೆ ನಮ್ಮ ಮನೆಮಾತಿನಲ್ಲಿ ಹುಡುಗಿ. ಅವಳಿಗೆ 14 ವರ್ಷ. ಶಾಲೆಯ ಚಿಯರ್‌ಲೀಡಿಂಗ್ ತಂಡದಲ್ಲಿದ್ದಾಳೆ. ಚಿಯರ್‌ಲೀಡರ್ ಅಂದರೆ 2008ರಲ್ಲಿ ಐಪಿಎಲ್ ಶುರುವಾದಾಗ ಟಿವಿಯಲ್ಲಿ ನೋಡಿದ, ಬೌಂಡರಿಯ ಆಚೆ ಕುಣಿಯುವವರು ಎಂದಷ್ಟೇ ನನಗೆ ಗೊತ್ತಿತ್ತು. ಅವಳು ಫೋನಿನಲ್ಲಿ ತನ್ನ ತಂಡದ ವಿಡಿಯೊ ತೋರಿಸಿದಾಗ ಎದೆ ಧಸಕ್ಕೆಂದಿತು. ಮೂರು ಹುಡುಗಿಯರು ಸೇರಿ ಒಬ್ಬಳನ್ನು ಹೆಗಲೆತ್ತರಕ್ಕೆ ಎತ್ತುತ್ತಾರೆ. ಅವಳು ಅವರ ಅಂಗೈ ಮೇಲೆ ಒಂಟಿ ಕಾಲಲ್ಲಿ ನಿಲ್ಲುತ್ತಾಳೆ. ಇನ್ನೊಂದು ಕಾಲನ್ನು ಬೆನ್ನ ಹಿಂದಿನಿಂದ ತಲೆಯ ಮೇಲಕ್ಕೆ ಎಳೆದು ಹಿಡಿಯುತ್ತಾಳೆ. ಇದಕ್ಕೆ ಸ್ಕಾರ್ಪಿಯನ್ ಎಂದು ಹೆಸರು. ಚೇಳು ಬಾಲ ಎತ್ತಿದ ಹಾಗೆ ಕಾಣುತ್ತದೆ, ನಿಜ. ಆ ಮೇಲೆ ನಿಂತವಳು ನಮ್ಮ ಕೂಸು.

ನೋವು ಶುರುವಾದದ್ದು ಫೆಬ್ರವರಿಯಲ್ಲಿ. ಜೂನ್‌ವರೆಗೆ ಯಾರಿಗೂ ಹೇಳಿರಲಿಲ್ಲ. ಮುಂದಿನ ವರ್ಷದ ತಂಡಕ್ಕೆ ಆಯ್ಕೆ ನಡೆಯುವುದು ಏಪ್ರಿಲ್‌ನಲ್ಲಿ. ಬೆನ್ನುನೋವು ಅಂದರೆ ತನ್ನ ಜಾಗ ಇನ್ನೊಬ್ಬಳಿಗೆ ಹೋಗುತ್ತದೆ ಎಂಬ ಹೆದರಿಕೆ. ಅಪ್ಪ ಅಮ್ಮನಿಗೂ ಹೇಳಲಿಲ್ಲ. ನಾಲ್ಕು ತಿಂಗಳು ಆ ಮಗು ನೋವು ನುಂಗಿಕೊಂಡು ನಗುತ್ತಾ ಬೆನ್ನು ಬಗ್ಗಿಸಿದೆ. ನಗು ಕೂಡ ಆ ಆಟದ ಭಾಗ. ಮೇಲೆ ಹೋದವಳು ನಗಲೇಬೇಕು.

ನನ್ನ ಅಮ್ಮ ಧನ್ವಂತರ ತೈಲ ಬೆಚ್ಚಗೆ ಮಾಡಿ ವಾರ ಪೂರ್ತಿ ತಿಕ್ಕಿದರು. "ಬೆಳವ ಮಕ್ಕೊಗೆ ಅದೆಲ್ಲ ಇಪ್ಪದೇ" ಎಂದರು. ಅಮ್ಮನದ್ದು ತಪ್ಪು ಅನ್ನಲಾರೆ. ಸುಮ್ಮನೆ ಕೂತರೆ ನೋವು ಇರುತ್ತಿರಲಿಲ್ಲ. ಮುಂದಕ್ಕೆ ಬಗ್ಗಿ ಅಂಗಳ ಗುಡಿಸಿದರೂ ಇಲ್ಲ. ಹಿಂದಕ್ಕೆ ಬಾಗಿದಾಗ ಮಾತ್ರ, ಎಡಗಡೆ, ಸೊಂಟದ ಸ್ವಲ್ಪ ಮೇಲೆ, ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ.

ಮಂಗಳೂರಿಗೆ ಕರೆದುಕೊಂಡು ಹೋದೆವು. ಡಾಕ್ಟರರು ಅವಳನ್ನು ಒಂಟಿ ಕಾಲಲ್ಲಿ ನಿಲ್ಲಿಸಿ ಮೆಲ್ಲ ಹಿಂದಕ್ಕೆ ಬಾಗಲು ಹೇಳಿದರು. ಎಡಗಾಲಲ್ಲಿ ನಿಂತಾಗ ಕಣ್ಣಲ್ಲಿ ನೀರು ಬಂತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ನಾನಾಗಿದ್ದರೆ ಅಲ್ಲಿಗೇ ಸಮಾಧಾನಪಟ್ಟು ಮನೆಗೆ ಬರುತ್ತಿದ್ದೆ. ಅವರು ಬಿಡಲಿಲ್ಲ, ಎಂಆರ್‌ಐ ಮಾಡಿಸಿದರು. ಸೊಂಟದ ಐದನೇ ಕಶೇರುವಿನ, ಅಂದರೆ ಬೆನ್ನೆಲುಬಿನ ಮಣಿಯ, ಹಿಂದುಗಡೆ, ಮೇಲಿನ ಕೀಲನ್ನೂ ಕೆಳಗಿನ ಕೀಲನ್ನೂ ಜೋಡಿಸುವ ಸಪೂರ ಎಲುಬಿನಲ್ಲಿ ಬಿರುಕು ಶುರುವಾಗಿತ್ತು. ಸ್ಪಾಂಡಿಲೋಲಿಸಿಸ್ ಅನ್ನುತ್ತಾರೆ ಇದಕ್ಕೆ.

ಅವರು ವಿವರಿಸಿದ್ದು ನನಗೆ ಅಡಿಕೆ ಕೊಯ್ಯುವ ಉದ್ದ ಕೋಲು, ದೋಟಿಯ ಲೆಕ್ಕದಲ್ಲಿ ಅರ್ಥವಾಯಿತು. ಹಳೇ ಬಿದಿರಿನ ದೋಟಿ ಒಂದೇ ದಿನದಲ್ಲಿ ಮುರಿಯುವುದಿಲ್ಲ. ಅಡಿಕೆ ಗೊನೆ ಎಳೆಯುವಾಗೆಲ್ಲ ಒಂದೇ ಜಾಗದಲ್ಲಿ ಬಾಗಿ ಬಾಗಿ ಮೊದಲು ಸಣ್ಣ ಗೆರೆ ಬೀಳುತ್ತದೆ. ಆಗ ಬದಿಗಿಟ್ಟರೆ ಸರಿ. ಇಲ್ಲದಿದ್ದರೆ ಒಂದು ದಿನ ಕೈ ಕೊಡುತ್ತದೆ. ಎಲುಬಿಗೆ ಒಂದು ಉಪಕಾರವಿದೆ, ಬಿಡುವು ಕೊಟ್ಟರೆ ಅದು ತನ್ನಷ್ಟಕ್ಕೆ ಕೂಡಿಕೊಳ್ಳಬಲ್ಲದು. ಬಿಡುವು ಕೊಡದಿದ್ದರೆ ಬಿರುಕು ಎರಡೂ ಬದಿಗೆ ಹೋಗಿ, ಕಶೇರು ಮುಂದಕ್ಕೆ ಜಾರುವುದೂ ಉಂಟು.

ಮತ್ತೆ ಮತ್ತೆ ಹಿಂದಕ್ಕೆ ಬಾಗುವ ಯಾರನ್ನೂ ಇದು ಕಾಡಬಹುದು. ಜಿಮ್ನಾಸ್ಟಿಕ್ಸ್ ಮಕ್ಕಳು, ನೃತ್ಯದ ಮಕ್ಕಳು, ಕ್ರಿಕೆಟಿನ ವೇಗದ ಬೌಲರ್‌ಗಳು. ಬುಮ್ರಾ 2019ರಲ್ಲಿ ಬೆನ್ನೆಲುಬಿನ ಇಂಥದೇ ಬಿರುಕಿನಿಂದ ಆಟ ಬಿಟ್ಟು ಕೂತಿದ್ದರು. 2022ರಲ್ಲಿ ಮತ್ತೆ ಬೆನ್ನು ಕೈಕೊಟ್ಟು, 2023ರಲ್ಲಿ ನ್ಯೂಜಿಲೆಂಡಿಗೆ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಫಿಸಿಯೊ, ಡಾಕ್ಟರು, ತರಬೇತುದಾರ ಎಲ್ಲ ಸುತ್ತ ಇರುವ ಆಟಗಾರನಿಗೇ ಹೀಗಾದರೆ ಎಂಟು, ಒಂಬತ್ತನೇ ತರಗತಿಯ ಹುಡುಗಿಯರ ಗತಿ ಏನು? ಅದೂ ಎತ್ತರ ಜಾಸ್ತಿಯಾಗುವ ಪ್ರಾಯ. ಆಗ ಎಲುಬು ಬೇಗ ಉದ್ದವಾಗುತ್ತದೆ. ಸ್ನಾಯು ಹಿಂದೆ ಉಳಿಯುತ್ತದೆ. ತೊಡೆಯ ಹಿಂಭಾಗ ಬಿಗಿಯಾಗುತ್ತದೆ. ಆ ಬಿಗಿ ಸೊಂಟವನ್ನು ಎಳೆಯುತ್ತದೆ. ಸರಿಯಾಗಿ ಅದೇ ವರ್ಷಗಳಲ್ಲಿ ನಾವು ಅವರನ್ನು ಜಾಸ್ತಿ ಬಗ್ಗಿಸುತ್ತೇವೆ.

ಚಿಯರ್‌ಲೀಡಿಂಗ್ ಬಗ್ಗೆ ಅಲ್ಲಿನವರು ಕಲಿತದ್ದೂ ಪೆಟ್ಟು ತಿಂದ ಮೇಲೆಯೇ. 2006ರ ಮಾರ್ಚ್‌ನಲ್ಲಿ ಒಂದು ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಕಾಲೇಜು ಹುಡುಗಿಯೊಬ್ಬಳು ಪಿರಮಿಡ್‌ನ ಮೇಲಿಂದ ತಲೆಕೆಳಗಾಗಿ ಬಿದ್ದಳು. ಕತ್ತಿನ ಕಶೇರು ಮುರಿದಿತ್ತು. ಸ್ಟ್ರೆಚರಿನಲ್ಲಿ ಹೊರಗೆ ಒಯ್ಯುವಾಗ ಬ್ಯಾಂಡ್‌ನವರು ತಂಡದ ಹಾಡು ನುಡಿಸಿದರು. ಅವಳು ಮಲಗಿದಲ್ಲೇ ಕೈ ಆಡಿಸಿ ಕುಣಿತದ ಭಾಗ ಮುಗಿಸಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಧೈರ್ಯ ಎಂದು ಅದನ್ನು ಹೊಗಳುತ್ತಾರೆ. ಕತ್ತು ಮುರಿದ ಮಗುವಿಗೂ ತಾನು ಕುಣಿಯಲೇಬೇಕು ಅನಿಸಿತಲ್ಲ, ಆ ಅನಿಸಿಕೆ ಎಲ್ಲಿಂದ ಬಂತು? ನಮ್ಮ ಕೂಸಿನ "ಎಂತ ಇಲ್ಲೆ"ಯೂ ಅಲ್ಲಿಂದಲೇ ಬಂದದ್ದು ಅಲ್ವಾ?

ಆ ಮೇಲೆ ಅಲ್ಲಿ ನಿಯಮಗಳು ಬಿಗಿಯಾದವು. 2012ರಲ್ಲಿ ಅಮೆರಿಕದ ಮಕ್ಕಳ ಡಾಕ್ಟರರ ಸಂಸ್ಥೆ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಇದನ್ನು ಪೂರ್ಣ ಕ್ರೀಡೆ ಎಂದು ಪರಿಗಣಿಸಬೇಕು ಎಂದು ಕೇಳಿತು. ಕ್ರೀಡೆ ಅಂದರೆ ಮಾತ್ರ ಕಲಿತ ತರಬೇತುದಾರ ಬರುತ್ತಾನೆ, ಮೊದಲೇ ವೈದ್ಯಕೀಯ ತಪಾಸಣೆ ಆಗುತ್ತದೆ. ಗಟ್ಟಿ ನೆಲದಲ್ಲಿ, ಒದ್ದೆ ನೆಲದಲ್ಲಿ ಪಿರಮಿಡ್ ಅಭ್ಯಾಸ ಬೇಡ ಅಂದರು. ಎರಡು ಆಳೆತ್ತರಕ್ಕಿಂತ ಮೇಲೆ ಹೋಗುವುದು ಬೇಡ ಅಂದರು. ತಲೆಗೆ ಪೆಟ್ಟು ಬಿದ್ದವರನ್ನು ಡಾಕ್ಟರ್ ಒಪ್ಪುವ ತನಕ ಆಡಿಸಬೇಡಿ ಅಂದರು.

ಇದನ್ನೆಲ್ಲ ಇಲ್ಲಿ ಕೂತು ಯಾಕೆ ಬರೆಯುತ್ತಿದ್ದೇನೆ ಅಂದರೆ, ನನ್ನ ಮಗಳು ಒಂಬತ್ತನೇ ತರಗತಿ. ಅವಳೂ ಶಾಲೆಯ ಗುಂಪು ನೃತ್ಯದಲ್ಲಿದ್ದಾಳೆ. ಕೇರಳದ ಶಾಲಾಮಕ್ಕಳ ಕಲಾಸ್ಪರ್ಧೆ, ಕಲೋತ್ಸವ ಬಂತು. ಶಾಲೆ ಮಟ್ಟ, ಉಪಜಿಲ್ಲೆ, ಜಿಲ್ಲೆ, ಆಮೇಲೆ ರಾಜ್ಯ. ನಾನು ಕಲೋತ್ಸವಕ್ಕೆ ವಿರೋಧಿ ಅಲ್ಲವೇ ಅಲ್ಲ. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಜಿಲ್ಲೆಯ ಕಾಞಂಗಾಡಿಗೆ ಬಂದಾಗ ನಾಲ್ಕು ದಿನವೂ ಹೋಗಿದ್ದೆ. ನಮ್ಮ ಕನ್ನಡ ಮಕ್ಕಳಿಗೆ ಯಕ್ಷಗಾನವೂ ಒಳಗೊಂಡ ಇಷ್ಟು ದೊಡ್ಡ ವೇದಿಕೆ ಬೇರೆಲ್ಲಿದೆ?

ಆದರೆ ಮೊನ್ನೆ ಅಭ್ಯಾಸ ನೋಡಲು ಹೋದೆ. ಏಳು ಹುಡುಗಿಯರು. ಸಿಮೆಂಟ್ ನೆಲ. ಶಾಲೆ ಬಿಟ್ಟ ಮೇಲೆ ಎರಡೂವರೆ ಗಂಟೆ, ಶನಿವಾರ ಭಾನುವಾರ ಇಡೀ ದಿನ. ಕೊನೆಯಲ್ಲಿ ಇಬ್ಬರ ಹೆಗಲ ಮೇಲೆ ಒಬ್ಬಳು ಹತ್ತಿ, ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿಸಿ ನಿಲ್ಲಬೇಕು. ಹಿಂದೆ ಕೈಯೊಡ್ಡಿ ನಿಲ್ಲುವವರು ಯಾರೂ ಇಲ್ಲ. ಕೆಳಗೆ ಒಂದು ಜಮಖಾನವೂ ಇಲ್ಲ. ಕೆಳಗಿದ್ದ ಇಬ್ಬರು ಮೊಣಕಾಲು ಮಡಿಸದೆ ಬರೀ ಸೊಂಟದ ಬಲದಲ್ಲಿ ಎತ್ತುತ್ತಿದ್ದರು. ಅವರ ಬೆನ್ನು ನೋಡಲು ಯಾರಿಗೂ ಪುರುಸೊತ್ತಿಲ್ಲ. ಎಲ್ಲರ ಕಣ್ಣು ಮೇಲಿನವಳ ಮೇಲೆ. ಅವಳಿಗೆ "ಇನ್ನೂ ಬಾಗು, ಇನ್ನೂ ಬಾಗು" ಎಂದು ಹೇಳುತ್ತಿದ್ದರು.

ಟೆಕ್ಸಾಸ್‌ನ ವಿಡಿಯೊದಲ್ಲಿ ಕೆಳಗೆ ದಪ್ಪ ಮ್ಯಾಟ್ ಇತ್ತು, ಹಿಂದೆ ಹಿಡಿಯುವವಳಿದ್ದಳು. ಅಷ್ಟಿದ್ದೂ ನಮ್ಮ ಕೂಸಿನ ಎಲುಬು ಬಿರಿದಿದೆ.

ನನ್ನ ಮಾವ ಹವ್ಯಾಸಿ ಯಕ್ಷಗಾನ ಕಲಾವಿದರು. ಮಕ್ಕಳಿಗೆ ನಾಟ್ಯ ಕಲಿಸುತ್ತಿದ್ದರು. ದಿಗಿಣ ಹಾರಬೇಕು ಎಂದು ಹುಡುಗರಿಗೆ ಆಸೆ. ಕಾಲು ಗಟ್ಟಿಯಾಗುವ ತನಕ ಅವರು ಬಿಡುತ್ತಲೇ ಇರಲಿಲ್ಲ. ಬರೀ ಹೆಜ್ಜೆ, ತಿಂಗಳುಗಟ್ಟಲೆ ಹೆಜ್ಜೆ. ಹಾರುವುದು ದೊಡ್ಡದಲ್ಲ, ಕೆಳಗೆ ಬರುವಾಗ ಮೊಣಕಾಲು ಮಡಿಸಿ ಹಗುರ ಬರಬೇಕು ಎಂದು ಅದನ್ನೇ ನೂರು ಸಲ ಮಾಡಿಸುತ್ತಿದ್ದರು. ಈಗ ಆರು ವಾರದಲ್ಲಿ ಹೊರಗಿನಿಂದ ಬಂದ ಡ್ಯಾನ್ಸ್ ಮಾಸ್ಟರ್ ಎಲ್ಲ ಮುಗಿಸಬೇಕು. ಅವರನ್ನೂ ದೂರುವುದಿಲ್ಲ. ಎ ಗ್ರೇಡ್ ಬರದಿದ್ದರೆ ಮುಂದಿನ ವರ್ಷ ಅವರನ್ನು ಯಾರೂ ಕರೆಯುವುದಿಲ್ಲ.

ಶಾಲೆಯ ಹೆತ್ತವರ, ಅಧ್ಯಾಪಕರ ಪಿಟಿಎ ಸಭೆಯಲ್ಲಿ ಎದ್ದು ಮಾತಾಡಿದೆ. ಹೊಟ್ಟೆ, ಸೊಂಟದ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ದಿನಾ ಹದಿನೈದು ನಿಮಿಷ ಮೊದಲು ಮಾಡಿಸಿ. ಮೈ ಬಿಸಿಯಾಗದೆ ಬೆನ್ನು ಬಗ್ಗಿಸಬೇಡಿ. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಕೊಡಿ. ಬೆನ್ನು ಬಿಲ್ಲು ಮಾಡುವ ಭಂಗಿಯನ್ನು ಒಂದು ಸಂಜೆಗೆ ಇಪ್ಪತ್ತು ಸಲ ಮಾಡಿಸುವುದು ಬೇಡ, ಉಳಿದ ಸಲ ಬರೀ ಕೈ ತೋರಿಸಿ ಲೆಕ್ಕ ಹಾಕಿದರೆ ಸಾಕು. ಹತ್ತುವುದಿದ್ದರೆ ಮ್ಯಾಟ್ ಬೇಕು, ಹಿಡಿಯಲು ದೊಡ್ಡವರು ಬೇಕು. ಇಷ್ಟೇ ಕೇಳಿದ್ದು.

ಒಬ್ಬರು ತಾಯಿ ಸಿಟ್ಟಾದರು. "ಗ್ರೇಸ್ ಮಾರ್ಕ್ ನೀವು ಕೊಡ್ತೀರಾ?" ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಕಲೋತ್ಸವದ ಗ್ರೇಡಿಗೆ ಪರೀಕ್ಷೆಯಲ್ಲಿ ಸೇರುವ ಆ ಮಾರ್ಕು ಸಣ್ಣ ವಿಷಯ ಅಲ್ಲ. ಆದರೆ ಅವರದೇ ಮಗಳು ಆ ಕೆಳಗಿನ ಇಬ್ಬರಲ್ಲಿ ಒಬ್ಬಳು. ಸಭೆ ಮುಗಿದ ಮೇಲೆ ಆ ಹುಡುಗಿ ನನ್ನ ಹತ್ತಿರ ಬಂದು, "ಆಂಟಿ, ನನಗೂ ಸೊಂಟ ನೋಯ್ತದೆ, ಅಮ್ಮನ ಹತ್ರ ಹೇಳ್ಬೇಡಿ" ಅಂದಳು. ನಾನು ಹೇಳಿದೆ. ಮಗುವಿನ ಮಾತು ಮೀರಿದ್ದಕ್ಕೆ ಬೇಸರವಿದೆ, ಆದರೂ ಹೇಳಿದೆ.

ಊಟದ ವಿಷಯವನ್ನೂ ಹೇಳಲೇಬೇಕು. ಮೇಲೆ ಹತ್ತುವವಳು ಹಗುರ ಇರಬೇಕು ಎಂದು ನಮ್ಮ ಕೂಸು ಬೆಳಗ್ಗಿನ ತಿಂಡಿ ಬಿಟ್ಟಿದ್ದಳು. ಮೂರು ತಿಂಗಳಿಂದ ಮುಟ್ಟೂ ಆಗಿರಲಿಲ್ಲ. ಡಾಕ್ಟರರು ಕೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಆಡುವ ಮಗು ತಿನ್ನದಿದ್ದರೆ ಮುಟ್ಟು ನಿಲ್ಲುತ್ತದೆ, ಎಲುಬು ಸೋಲುತ್ತದೆ. ಹೆಣ್ಣುಮಕ್ಕಳ ಹತ್ತಿರ ಇದನ್ನು ನಾಚಿಕೆ ಬಿಟ್ಟು ಕೇಳಿ. ಗಂಜಿಯೋ ದೋಸೆಯೋ, ಹಾಲು, ಮೊಸರು, ಮೀನು ತಿನ್ನುವವರಿಗೆ ಮೀನು, ಹೊಟ್ಟೆ ತುಂಬ ಕೊಡಿ. "ದಪ್ಪ ಆಗಿದ್ದಿ" ಎಂದು ಮಾತ್ರ ಹೇಳಬೇಡಿ, ತಮಾಷೆಗೂ ಬೇಡ.

ಎರಡು ವಾರ ದಾಟಿದ ಬೆನ್ನುನೋವಿಗೆ ಎಣ್ಣೆ ತಿಕ್ಕಿ ಕೂರಬೇಡಿ. ಹಿಂದಕ್ಕೆ ಬಾಗಿದರೆ ನೋವು, ಒಂದೇ ಬದಿಗೆ ನೋವು, ರಾತ್ರಿ ಎಬ್ಬಿಸುವ ನೋವು ಇದ್ದರೆ ಎಲುಬಿನ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇ ಸರಿ ಇದೆ ಅಂದರೂ ನೋವು ನಿಲ್ಲದಿದ್ದರೆ ಮತ್ತೆ ಕೇಳಿ. ಕಾಲು ಮರಗಟ್ಟಿದರೆ, ಕಾಲಿನ ಬಲ ಹೋದರೆ, ಮೂತ್ರ ಹಿಡಿತ ತಪ್ಪಿದರೆ ಅದೇ ದಿನ ಹೊರಡಿ.

ಕೂಸಿಗೆ ಮೂರು ತಿಂಗಳು ಬೆನ್ನು ಬಾಗಿಸುವುದೇ ಇಲ್ಲ. ಆಮೇಲೆ ಫಿಸಿಯೊಥೆರಪಿ, ಆಮೇಲೆ ಮೆಲ್ಲ ಮೆಲ್ಲ ಆಟ. ಆಗಸ್ಟ್‌ನಲ್ಲಿ ವಾಪಸು ಹೋದಳು. ಅತ್ತಿಗೆ ತರಬೇತುದಾರರ ಹತ್ತಿರ ಮಾತಾಡಿದ್ದಾರೆ. ಈಗ ತಂಡದ ಜತೆ ಅಂಗಳದ ಬದಿಯಲ್ಲಿ ಕೂತು ತಾಳ ಲೆಕ್ಕ ಹಾಕುತ್ತಾಳಂತೆ. ಮೊದಲ ವಾರ ತುಂಬಾ ಅತ್ತಳು. ಮೊನ್ನೆ ಫೋನ್ ಮಾಡಿದಾಗ, ತಂಡದ ಇನ್ನೂ ಇಬ್ಬರು ಹುಡುಗಿಯರು ತಮಗೂ ನೋಯುತ್ತದೆ ಎಂದು ಬಾಯಿ ಬಿಟ್ಟರು ಅಂದಳು.

ನಮ್ಮ ಶಾಲೆಯಲ್ಲಿ ಹೆಗಲ ಮೇಲೆ ಹತ್ತುವ ಭಂಗಿ ತೆಗೆದಿದ್ದಾರೆ. ಭಾನುವಾರ ರಜೆ ಸಿಕ್ಕಿದೆ. ಮ್ಯಾಟ್ ಇನ್ನೂ ಬಂದಿಲ್ಲ. ಬದಿಯಡ್ಕ, ಕುಂಬಳೆ, ಪೆರ್ಲ ಕಡೆಯ ಫಿಸಿಯೊಥೆರಪಿಸ್ಟ್ ಯಾರಾದರೂ ಉಪಜಿಲ್ಲಾ ಕಲೋತ್ಸವಕ್ಕೆ ಮೊದಲು ಒಂದು ಶನಿವಾರ ಬಂದು ಈ ಏಳು ಮಕ್ಕಳ ಬೆನ್ನು ನೋಡಿ, ಮಾಸ್ಟರಿಗೂ ನಾಲ್ಕು ಮಾತು ಹೇಳಿಕೊಟ್ಟರೆ ದೊಡ್ಡ ಉಪಕಾರ. ದಯವಿಟ್ಟು ನನಗೆ ತಿಳಿಸಿ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ.